ಬೆರಳಿನ ಗಂಟಿನ ಉರಿ ಹೃದಯವನ್ನು ಮುಟ್ಟುವ ದಾರಿ

ಪ್ರಶ್ನೆ: ನನ್ನ ತಾಯಿಗೆ ಈಗ 57 ವರ್ಷ. 14 ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಮೊದಲ ಕೆಲವು ವರ್ಷ ವಾರಕ್ಕೊಮ್ಮೆ ನುಂಗುವ ಮಾತ್ರೆ ತೆಗೆದುಕೊಂಡರು. ಕೂದಲು ಉದುರುತ್ತದೆ ಎಂದು ಅದನ್ನು ಬಿಟ್ಟ ಮೇಲೆ, ನೋವು ಹೆಚ್ಚಾದಾಗ ಔಷಧ ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಿದ್ದರು. ಕಳೆದ ತಿಂಗಳು ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಿದೆವು. ಹೃದಯಾಘಾತ ಎಂದು ಹೇಳಿ ಒಂದು ಸ್ಟೆಂಟ್ ಹಾಕಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಆರು ತಿಂಗಳ ಹಿಂದಷ್ಟೇ ಮಾಡಿಸಿದ ಕೊಲೆಸ್ಟ್ರಾಲ್ ಪರೀಕ್ಷೆಯ ವರದಿ ಚೆನ್ನಾಗಿಯೇ ಇತ್ತು. ಹೃದಯದ ಡಾಕ್ಟರು, 'ರಕ್ತನಾಳದ ಉರಿಯೂತವೂ ಇದಕ್ಕೆ ಕಾರಣ, ಕೀಲಿನ ಕಾಯಿಲೆಯನ್ನು ಹತೋಟಿಗೆ ತನ್ನಿ' ಎಂದರು. ಬೆರಳಿನ ಗಂಟಿಗೂ ಹೃದಯಕ್ಕೂ ಏನು ಸಂಬಂಧ? ಉರಿಯೂತ ಇಳಿಸುವ ಕಷಾಯವೋ ಮಾತ್ರೆಯೋ ಇದೆಯೇ? ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರದ ನಡುವಿನ ಒಂದು ಸಾಲಿನಲ್ಲೇ ಅರ್ಧ ಉತ್ತರವಿದೆ. ತಾಯಿಯವರು ವಾರದ ಮಾತ್ರೆಯನ್ನು ಬಿಟ್ಟು ನೋವಿನ ಮಾತ್ರೆಗೆ ಬಂದರು ಎಂಬ ಸಾಲು ಅದು. ಅಲ್ಲಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು, ಈ ವಿಷಯದಲ್ಲಿ ತಾಯಿಯವರನ್ನಾಗಲಿ ನಿಮ್ಮನ್ನಾಗಲಿ ದೂರಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೋವು ಇಳಿದರೆ ಕಾಯಿಲೆ ಇಳಿಯಿತು ಎಂದುಕೊಳ್ಳುವುದು ಸಹಜ. ಹಾಗಲ್ಲ ಎಂದು ಕುಳಿತು ಬಿಡಿಸಿ ಹೇಳುವ ಹೊಣೆ ವೈದ್ಯರಾದ ನಮ್ಮದು. ಐದು ನಿಮಿಷದ ಭೇಟಿಯಲ್ಲಿ ನಾವು ಅದನ್ನು ಸರಿಯಾಗಿ ಮಾಡುತ್ತಿಲ್ಲ. ಆದ್ದರಿಂದ ಇಲ್ಲಿ ತುಸು ದೀರ್ಘವಾಗಿಯೇ ಬರೆಯುತ್ತೇನೆ.

ರಕ್ತನಾಳವೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನಲ್ಲಿಯ ಕೊಳವೆ. 'ಬ್ಲಾಕ್ ಆಗಿದೆ', 'ಕ್ಲೀನ್ ಮಾಡಿದರು' ಎಂಬ ಮಾತುಗಳೆಲ್ಲ ಅಲ್ಲಿಂದಲೇ ಬಂದವು. ವೈದ್ಯಲೋಕವೂ ಬಹಳ ಕಾಲ ಹಾಗೆಯೇ ತಿಳಿದಿತ್ತು. ನಾಳದ ಒಳಗೋಡೆಯಲ್ಲಿ ಒಂದೇ ಸಾಲು ಕೋಶಗಳು, ನೆಲಕ್ಕೆ ಹಾಸಿದ ಬಿಲ್ಲೆಗಳಂತೆ, ಅಂಚಿಗೆ ಅಂಚು ಕೂಡಿಕೊಂಡಿರುತ್ತವೆ. ಇದರ ಹೆಸರು ಎಂಡೋಥೀಲಿಯಂ. ನಾವು ಒಳಪದರ ಎನ್ನೋಣ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಒಂದು ಒಗಟು ಎದುರಾಯಿತು. ಅದೇ ಔಷಧವನ್ನು ಹಾಕಿದರೂ ಕೆಲವು ತುಂಡುಗಳು ಸಡಿಲಗೊಳ್ಳುತ್ತಿದ್ದವು, ಕೆಲವು ಇಲ್ಲ. ಕೊನೆಗೆ ಗೊತ್ತಾದದ್ದು ಇಷ್ಟು: ತುಂಡುಗಳನ್ನು ಸಿದ್ಧಪಡಿಸುವಾಗ ಅರಿವಿಲ್ಲದೆ ಒಳಪದರ ಉಜ್ಜಿಹೋಗಿದ್ದರೆ ನಾಳ ಸಡಿಲವಾಗುವುದೇ ಇಲ್ಲ. ಅಂದರೆ ಆ ತೆಳು ಪದರ ತಾನೇ ಏನನ್ನೋ ಹೊರಬಿಟ್ಟು, ಹಿಂದಿರುವ ಸ್ನಾಯುವಿಗೆ ಸಡಿಲಾಗು ಎಂದು ಹೇಳುತ್ತಿತ್ತು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಸ್ಪಷ್ಟವಾಯಿತು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ಸಂದಿತು.

ಹೀಗೆ ಒಳಪದರ ಸುಮ್ಮನೆ ಬಿದ್ದಿರುವ ಹೊದಿಕೆಯಲ್ಲ ಎಂದು ತಿಳಿಯಿತು. ಆರೋಗ್ಯವಾಗಿದ್ದಾಗ ಅದು ನಾಳವನ್ನು ಸಡಿಲವಾಗಿಡುತ್ತದೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟದಂತೆ ನುಣುಪಾಗಿರುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಜೊತೆಗೆ, ಹರಿಯುವ ರಕ್ತದಲ್ಲಿ ಯಾವ ಸುದ್ದಿ ಬಂದರೂ ಅದನ್ನು ಕೇಳಿಸಿಕೊಳ್ಳುತ್ತದೆ. ನಿಮ್ಮ ತಾಯಿಯವರ ಕಥೆ ಶುರುವಾಗುವುದು ಈ ಕೇಳಿಸಿಕೊಳ್ಳುವ ಗುಣದಿಂದ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ಊದಿಕೊಂಡ ಆ ಪೊರೆಯಿಂದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಪ್ರೋಟೀನುಗಳು ಹುಟ್ಟುತ್ತವೆ. ಇವು ಬೆರಳಿನಲ್ಲೇ ಉಳಿಯುವುದಿಲ್ಲ, ರಕ್ತಕ್ಕೆ ಇಳಿಯುತ್ತವೆ. ಬೆರಳಿಗೆ ಬರುವ ರಕ್ತವೇ ಹೃದಯಕ್ಕೂ ಹೋಗುತ್ತದೆ, ಮಿದುಳಿಗೂ ಹೋಗುತ್ತದೆ. ದಾರಿಯುದ್ದಕ್ಕೂ ಒಳಪದರದ ಕೋಶಗಳ ಮೇಲೆ ಈ ಸಂದೇಶಗಳನ್ನು ಹಿಡಿಯುವ ಗ್ರಾಹಕಗಳಿವೆ.

ಟಿಎನ್‌ಎಫ್ ಗ್ರಾಹಕಕ್ಕೆ ಕೂತಾಗ ಕೋಶದೊಳಗೆ ಏನಾಗುತ್ತದೆ? ಅಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಬೀಗ ಹಾಕಿದ ಸ್ಥಿತಿಯಲ್ಲಿ ಕಾದಿರುತ್ತದೆ. 1986ರಲ್ಲಿ ಇದನ್ನು ಮೊದಲು ಗುರುತಿಸಿದವರು ಭಾರತ ಮೂಲದ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಸಂದೇಶ ಬಂದೊಡನೆ ಬೀಗದ ಪ್ರೋಟೀನು ಒಡೆದುಹೋಗುತ್ತದೆ. ಸುಮಾರು ಅರ್ಧ ಗಂಟೆಯೊಳಗೆ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರವನ್ನು ಹೊಕ್ಕು ಹತ್ತಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಕೆಲವೇ ಗಂಟೆಗಳಲ್ಲಿ ನುಣುಪಾಗಿದ್ದ ಗೋಡೆಯ ಮೇಲೆ ಅಂಟು ಕೊಕ್ಕೆಗಳು ಮೂಡುತ್ತವೆ. ಹರಿಯುತ್ತಿದ್ದ ಬಿಳಿ ರಕ್ತಕಣಗಳು ಅವಕ್ಕೆ ಸಿಕ್ಕಿ ಉರುಳುತ್ತವೆ, ನಿಲ್ಲುತ್ತವೆ, ಎರಡು ಬಿಲ್ಲೆಗಳ ಸಂದಿನಲ್ಲಿ ನುಸುಳಿ ಗೋಡೆಯೊಳಗೆ ಇಳಿಯುತ್ತವೆ. ಇದೇ ಹೊತ್ತಿಗೆ ನೈಟ್ರಿಕ್ ಆಕ್ಸೈಡ್ ತಗ್ಗುತ್ತದೆ, ಹೆಪ್ಪುಗಟ್ಟಿಸುವ ಅಂಶಗಳು ಏರುತ್ತವೆ.

ಇದು ಕೆಡುಕಿಗಾಗಿ ಆದ ಏರ್ಪಾಡಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಇದರಿಂದಲೇ; ಸೈನಿಕರನ್ನು ಸರಿಯಾದ ಊರಲ್ಲಿ ಇಳಿಸುವ ಕೆಲಸ ಒಳಪದರದ್ದು. ಇನ್ನೂ ಬೆರಗಿನ ಸಂಗತಿಯೆಂದರೆ, ಎನ್‌ಎಫ್-ಕಪ್ಪಾ-ಬಿ ಎಬ್ಬಿಸುವ ವಂಶವಾಹಿಗಳಲ್ಲಿ ಅದರ ಬೀಗವನ್ನೇ ಮರಳಿ ತಯಾರಿಸುವ ವಂಶವಾಹಿಯೂ ಒಂದು. ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳಲೆಂದು ದೇಹ ಮಾಡಿಕೊಂಡ ವ್ಯವಸ್ಥೆ ಇದು. ಮುಳ್ಳು ಹೊರಬಂದ ಮೇಲೆ ನಾಲ್ಕು ದಿನದಲ್ಲಿ ಎಲ್ಲವೂ ತಣ್ಣಗಾಗುತ್ತದೆ. ನಿಮ್ಮ ತಾಯಿಯವರ ಕೀಲುಗಳಿಂದ ಮಾತ್ರ ಆ ಸಂದೇಶ 14 ವರ್ಷ ಬರುತ್ತಲೇ ಇತ್ತು. ಔಷಧವಿದ್ದ ವರ್ಷಗಳಲ್ಲಿ ಕಡಿಮೆ, ಬಿಟ್ಟ ವರ್ಷಗಳಲ್ಲಿ ಹೆಚ್ಚು. ಬೀಗ ಹಾಕಿದಷ್ಟು ಬೇಗ ಮತ್ತೆ ಒಡೆಯುತ್ತಿತ್ತು.

ಒಳಪದರದ ಈ ಸ್ವಭಾವ ಸಂಧಿವಾತಕ್ಕೆ ಮಾತ್ರ ಸೇರಿದ್ದಲ್ಲ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ ಕೆಲವರಿಗೆ ಅಪಾಯ ಶುರುವಾಗುವುದನ್ನು ನೀವು ಕೇಳಿರಬಹುದು. ಅಲ್ಲಿ ಬಿಲ್ಲೆಗಳ ನಡುವಿನ ಬೆಸುಗೆ ಒಂದೆರಡು ದಿನ ಸಡಿಲಗೊಂಡು ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಡೆಂಗಿಯಲ್ಲಿ ಗಂಟೆಗಳ ಲೆಕ್ಕದಲ್ಲಿ ನಡೆಯುವ ಹಾನಿ ಸಂಧಿವಾತದಲ್ಲಿ ಬೇರೆ ಬಗೆಯಲ್ಲಿ, ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಎರಡರಲ್ಲೂ ಪೆಟ್ಟು ತಿನ್ನುವ ಕೋಶ ಒಂದೇ.

ದೇಹದ ಎಲ್ಲ ನಾಳಗಳಿಗೂ ಅದೇ ರಕ್ತ ಹೋಗುವಾಗ ಹೃದಯಾಘಾತಕ್ಕೆ ದಾರಿಯಾಗುವ ಕೊಬ್ಬಿನ ಗಡ್ಡೆ ಅಲ್ಲಲ್ಲಿ ಮಾತ್ರ ಏಕೆ ಕಟ್ಟಿಕೊಳ್ಳುತ್ತದೆ ಎಂದು ನೀವು ಕೇಳಬಹುದು. ನಿಮ್ಮ ಊರಿನ ಕಡೆಯವರಿಗೆ ಭದ್ರಾ ನಾಲೆ ಗೊತ್ತು. ನೇರವಾಗಿ ರಭಸದಿಂದ ಹರಿಯುವಲ್ಲಿ ನಾಲೆಯ ತಳ ಶುಭ್ರವಾಗಿರುತ್ತದೆ. ತಿರುವಿನಲ್ಲಿ, ಕವಲೊಡೆಯುವಲ್ಲಿ, ನೀರು ಸುಳಿಯಾಡಿ ನಿಧಾನವಾಗುವಲ್ಲಿ ಹೂಳು ಕೂರುತ್ತದೆ. ರಕ್ತನಾಳದಲ್ಲೂ ಗಡ್ಡೆ ಕೂರುವುದು ಹೆಚ್ಚಾಗಿ ಕವಲು, ತಿರುವುಗಳಲ್ಲೇ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ, ಅದು ನನಗೆ ಬಹಳ ಮುಖ್ಯವೆನಿಸುತ್ತದೆ. ನಾಲೆಯ ಕಲ್ಲಿಗೆ ನೀರಿನ ಸ್ಪರ್ಶ ತಿಳಿಯದು, ಒಳಪದರಕ್ಕೆ ತಿಳಿಯುತ್ತದೆ. ರಕ್ತ ನೇರವಾಗಿ ಸವರಿಕೊಂಡು ಹರಿಯುವಲ್ಲಿ ಕೋಶಗಳು ಉರಿಯೂತವನ್ನು ಅದುಮುವ ವಂಶವಾಹಿಗಳನ್ನು ಎಚ್ಚರವಾಗಿಡುತ್ತವೆ, ನೈಟ್ರಿಕ್ ಆಕ್ಸೈಡ್ ಧಾರಾಳವಾಗಿ ತಯಾರಿಸುತ್ತವೆ. ಸುಳಿಯಿರುವಲ್ಲಿ ಆ ಕಾವಲು ದುರ್ಬಲ. ಟಿಎನ್‌ಎಫ್ ಬಂದಾಗ ಮೊದಲು ಹೊತ್ತಿಕೊಳ್ಳುವುದು ಆ ಜಾಗಗಳೇ. ದಿನವೂ ಬಿರುಸಾಗಿ ನಡೆಯಿರಿ ಎಂದು ನಾವು ಹೇಳುವುದರ ಹಿಂದೆ ಕೊಬ್ಬು ಕರಗಿಸುವ ಲೆಕ್ಕವೊಂದೇ ಇಲ್ಲ. ಆ ಹರಿವು ಒಳಪದರಕ್ಕೆ ನೇರವಾಗಿ ಒಳಿತು ಮಾಡುತ್ತದೆ.

ಅಂಟು ಮೂಡಿದ ಜಾಗದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕಣಗಳು ಗೋಡೆಯೊಳಗೆ ಸಿಕ್ಕಿಕೊಂಡು ಕೆಡುತ್ತವೆ. ಒಳಗೆ ಇಳಿದ ಬಿಳಿ ರಕ್ತಕಣಗಳು ಅವನ್ನು ನುಂಗಿ ನುಂಗಿ ನೊರೆ ತುಂಬಿದ ಚೀಲಗಳಂತಾಗುತ್ತವೆ, ಸಾಯುತ್ತವೆ, ಗಡ್ಡೆ ಬೆಳೆಯುತ್ತದೆ. ಗಡ್ಡೆಯ ಮೇಲೊಂದು ನಾರಿನ ಮುಚ್ಚಳವಿರುತ್ತದೆ. ಉರಿಯೂತ ಹೆಚ್ಚಿದ್ದರೆ ಆ ಕಣಗಳೇ ಸುರಿಸುವ ಕಿಣ್ವಗಳು ಮುಚ್ಚಳವನ್ನು ತೆಳುವಾಗಿಸುತ್ತವೆ. ಒಂದು ದಿನ ಅದು ಹರಿಯುತ್ತದೆ. ರಕ್ತ ಅಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಬಹಳಷ್ಟು ಹೃದಯಾಘಾತಗಳು ಹೀಗೆ ನಡೆಯುತ್ತವೆ. ಅರ್ಧದಷ್ಟೂ ಮುಚ್ಚಿರದ ನಾಳದಲ್ಲೂ ಇದು ಸಂಭವಿಸಬಹುದು, ಆದ್ದರಿಂದಲೇ ಹಿಂದಿನ ವಾರದವರೆಗೆ ಚೆನ್ನಾಗಿದ್ದವರು ಕುಸಿಯುತ್ತಾರೆ.

ಇನ್ನು ನಿಮ್ಮನ್ನು ಗೊಂದಲಕ್ಕೆ ದೂಡಿದ ಆ ಕೊಲೆಸ್ಟ್ರಾಲ್ ವರದಿ. ಪ್ರಯೋಗಾಲಯ ತಪ್ಪು ಮಾಡಿರಲಾರದು. ರುಮಟಾಯ್ಡ್ ಸಂಧಿವಾತ ಉರಿಯುತ್ತಿರುವಾಗ ಕೊಲೆಸ್ಟ್ರಾಲ್ ಅಂಕಿಗಳು ತಾವಾಗಿಯೇ ತಗ್ಗುತ್ತವೆ, ಅಪಾಯ ಮಾತ್ರ ಏರುತ್ತದೆ. ಕಾಯಿಲೆಗೆ ಸರಿಯಾದ ಚಿಕಿತ್ಸೆ ಸಿಕ್ಕಾಗ ಅಂಕಿ ತುಸು ಮೇಲೇರುವುದೂ ಉಂಟು. ಈ ವಿಚಿತ್ರ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು 'ಎಲ್‌ಡಿಎಲ್ ಚೆನ್ನಾಗಿದೆ' ಎಂಬ ಒಂದು ಸಾಲಿನ ಮೇಲೆ ನೆಮ್ಮದಿಯಾಗಿ ಕೂರುತ್ತವೆ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಸಂಧಿವಾತವನ್ನು ಲೆಕ್ಕಕ್ಕೆ ಹಿಡಿಯದ ಯಾವುದೇ ಹೃದಯಾಪಾಯದ ಸೂತ್ರದಿಂದ ಬಂದ ಉತ್ತರವನ್ನು ಈ ರೋಗಿಗಳಲ್ಲಿ 1.5ರಿಂದ ಗುಣಿಸಬೇಕೆಂದು ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ ಹೇಳುತ್ತದೆ. ಆ ಗುಣಾಕಾರವನ್ನು ನಾವು ನಮ್ಮ ಹೊರರೋಗಿ ವಿಭಾಗಗಳಲ್ಲಿ ಎಷ್ಟು ಸಲ ಮಾಡುತ್ತೇವೆ?

ಇದೆಲ್ಲ ಊಹೆಯೇ, ಸಾಕ್ಷ್ಯವಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಜರ್ಮನಿಯ ರುಡಾಲ್ಫ್ ವಿರ್ಖೋ 19ನೆಯ ಶತಮಾನದಲ್ಲೇ ನಾಳದ ಗಡ್ಡೆಯಲ್ಲಿ ಉರಿಯೂತವನ್ನು ಕಂಡಿದ್ದರು. ಆದರೆ ಉರಿಯೂತವೊಂದನ್ನೇ ಇಳಿಸಿ, ಕೊಲೆಸ್ಟ್ರಾಲನ್ನು ಮುಟ್ಟದೆ ನೋಡಿದರೆ ಹೃದಯಾಘಾತ ಕಡಿಮೆಯಾಗುತ್ತದೆಯೇ ಎಂಬ ನೇರ ಪರೀಕ್ಷೆಯ ಉತ್ತರಕ್ಕೆ 2017ರವರೆಗೆ ಕಾಯಬೇಕಾಯಿತು. ಕ್ಯಾಂಟೋಸ್ ಎಂಬ ಆ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,061 ಜನರಲ್ಲಿ, ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಾಕಿನುಮ್ಯಾಬ್ ಚುಚ್ಚುಮದ್ದನ್ನು ಖಾಲಿ ಚುಚ್ಚುಮದ್ದಿನೊಂದಿಗೆ ಹೋಲಿಸಿ ನೋಡಿದರು. ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವುಗಳು ಒಟ್ಟಾಗಿ ಶೇ 15ರಷ್ಟು ಕಡಿಮೆಯಾದವು. ಎಲ್‌ಡಿಎಲ್ ಇದ್ದಲ್ಲೇ ಇತ್ತು. ಪ್ರಾಣಕ್ಕೆ ಎರವಾಗುವ ಸೋಂಕುಗಳು ಸ್ವಲ್ಪ ಹೆಚ್ಚಿದವು. ಆ ಔಷಧ ಹೃದಯ ಚಿಕಿತ್ಸೆಗೆ ಬಳಕೆಗೆ ಬರಲಿಲ್ಲ, ಬೆಲೆಯೂ ವಿಪರೀತ. ಆದರೂ ಉರಿಯೂತ ತಾನೇ ಕಾರಣಗಳಲ್ಲೊಂದು ಎಂಬುದು ಅಲ್ಲಿಗೆ ಖಚಿತವಾಯಿತು.

ಹಾಗಾದರೆ ಉರಿಯೂತ ಇಳಿಸುವ ಯಾವ ಮಾತ್ರೆಯಾದರೂ ಹೃದಯಕ್ಕೆ ಒಳ್ಳೆಯದೇ? ಇಲ್ಲ. ಎಚ್ಚರ ಬೇಕಾದದ್ದು ಇಲ್ಲೇ. 2019ರಲ್ಲಿ ಪ್ರಕಟವಾದ ಸರ್ಟ್ ಅಧ್ಯಯನದಲ್ಲಿ ಸಂಧಿವಾತವಿಲ್ಲದ 4,786 ಹೃದ್ರೋಗಿಗಳ ಮೇಲೆ ಮೆಥೊಟ್ರೆಕ್ಸೇಟ್ ಪರೀಕ್ಷಿಸಿದರು; ನಿಮ್ಮ ತಾಯಿಯವರು ಬಿಟ್ಟ ವಾರದ ಮಾತ್ರೆ ಇದೇ ಇರಬೇಕು. ಅವರಲ್ಲಿ ಉರಿಯೂತದ ಸಂದೇಶಗಳೂ ತಗ್ಗಲಿಲ್ಲ, ಹೃದಯಾಘಾತವೂ ತಗ್ಗಲಿಲ್ಲ. ಇದನ್ನು ಓದಿ ತಾಯಿಯವರಿಗೆ ಆ ಮಾತ್ರೆ ವ್ಯರ್ಥ ಎಂದುಕೊಳ್ಳಬೇಡಿ. ಅವರ ಉರಿಯ ಮೂಲ ಕೀಲಿನಲ್ಲಿದೆ, ಮೆಥೊಟ್ರೆಕ್ಸೇಟ್ ಆ ಮೂಲವನ್ನೇ ತಣಿಸುತ್ತದೆ. ಸಂಧಿವಾತದ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಅದನ್ನು ತೆಗೆದುಕೊಳ್ಳುವವರಿಗೆ ಹೃದಯದ ತೊಂದರೆ ಕಡಿಮೆಯೇ ಕಂಡಿದೆ. ಇನ್ನೊಂದು ಕಡೆ ಟೊಫಾಸಿಟಿನಿಬ್ ಎಂಬ ಮಾತ್ರೆಯನ್ನು ನೋಡಿ. ಕೀಲಿನ ಊತವನ್ನು ಚೆನ್ನಾಗಿ ಇಳಿಸುತ್ತದೆ, ನಮ್ಮ ದೇಶದಲ್ಲಿ ಅಗ್ಗವಾಗಿಯೂ ಸಿಗುತ್ತದೆ. ಆದರೆ 50 ದಾಟಿದ, ಹೃದಯಕ್ಕೆ ಒಂದಾದರೂ ಅಪಾಯಕಾರಿ ಅಂಶವಿದ್ದ ಸಂಧಿವಾತದ ರೋಗಿಗಳಲ್ಲಿ ನಡೆದ, 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದನ್ನು ನುಂಗಿದವರಲ್ಲಿ ಶೇ 3.4ರಷ್ಟು ಜನರಿಗೆ ಹೃದಯ-ರಕ್ತನಾಳದ ಗಂಭೀರ ತೊಂದರೆಯಾಯಿತು. ಟಿಎನ್‌ಎಫ್ ತಡೆಯುವ ಔಷಧ ಪಡೆದವರಲ್ಲಿ ಅದು ಶೇ 2.5. ತಾಯಿಯವರ ವಯಸ್ಸು, ಈಗಾಗಿರುವ ಹೃದಯಾಘಾತ ಎರಡನ್ನೂ ನೋಡಿದರೆ ನಾನಾಗಿದ್ದರೆ ಇದನ್ನು ಮೊದಲ ಆಯ್ಕೆಯಾಗಿ ಕೊಡುತ್ತಿರಲಿಲ್ಲ. ನಿಮ್ಮ ಸಂಧಿರೋಗ ತಜ್ಞರಿಗೆ ಹೃದಯಾಘಾತದ ವಿಷಯವನ್ನು ಮೊದಲ ಮಾತಿನಲ್ಲೇ ತಿಳಿಸಿ. ಟಿಎನ್‌ಎಫ್ ತಡೆಯುವ ಚುಚ್ಚುಮದ್ದಿನ ಮಾತು ಬಂದರೆ, ಎಕೋ ವರದಿಯಲ್ಲಿ ಹೃದಯದ ಬಡಿತದ ಬಲ ಎಷ್ಟಿದೆ ಎಂದು ಅವರು ನೋಡಲೇಬೇಕು. ಹೃದಯ ತೀರಾ ಸೋತವರಿಗೆ ಆ ಔಷಧ ಒಗ್ಗುವುದಿಲ್ಲ.

ಈಗ ನೋವಿನ ಮಾತ್ರೆಗೆ ಬರುತ್ತೇನೆ. ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್ ಮುಂತಾದವು ನೋವನ್ನು ಅಡಗಿಸುತ್ತವೆ. ಕೀಲಿನಿಂದ ಹೊರಡುವ ಟಿಎನ್‌ಎಫ್ ಸಂದೇಶವನ್ನು ನಿಲ್ಲಿಸುವುದಿಲ್ಲ. ಬೆಂಕಿ ಹಾಗೆಯೇ ಇರುತ್ತದೆ, ಕೂಗುವ ಗಂಟೆ ಮಾತ್ರ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಳಪದರವು ನೈಟ್ರಿಕ್ ಆಕ್ಸೈಡ್ ಜೊತೆಗೆ ಪ್ರೊಸ್ಟಸೈಕ್ಲಿನ್ ಎಂಬ ಇನ್ನೊಂದು ರಕ್ಷಕವನ್ನು ತಯಾರಿಸುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುವುದು ಅದರ ಕೆಲಸ. 1976ರಲ್ಲಿ ಇಂಗ್ಲೆಂಡಿನ ಜಾನ್ ವೇನ್, ಸಾಲ್ವಡಾರ್ ಮೊನ್ಕಾಡಾ ಅವರ ತಂಡ ಇದನ್ನು ಕಂಡುಹಿಡಿಯಿತು. ಪ್ರೊಸ್ಟಸೈಕ್ಲಿನ್ ತಯಾರಾಗಲು ಕಾಕ್ಸ್-2 ಎಂಬ ಕಿಣ್ವ ಬೇಕು. ಈ ನೋವಿನ ಮಾತ್ರೆಗಳು ಕಟ್ಟಿಹಾಕುವುದು ಅದೇ ಕಿಣ್ವವನ್ನು. ರೊಫೆಕಾಕ್ಸಿಬ್ ಎಂಬ ಮಾತ್ರೆಯ ಕಥೆಯನ್ನು ವೈದ್ಯರು ಮರೆಯಬಾರದು: 2000ದಲ್ಲಿ ಪ್ರಕಟವಾದ, ಸುಮಾರು 8,000 ರುಮಟಾಯ್ಡ್ ಸಂಧಿವಾತ ರೋಗಿಗಳ ಅಧ್ಯಯನದಲ್ಲೇ ಅದನ್ನು ನುಂಗಿದವರಿಗೆ ಹೃದಯಾಘಾತ ಹೆಚ್ಚಾಗಿದ್ದು ಕಂಡಿತ್ತು, ಮಾತ್ರೆ ಮಾರುಕಟ್ಟೆಯಿಂದ ಹೊರಬಿದ್ದದ್ದು 2004ರ ಸೆಪ್ಟೆಂಬರಿನಲ್ಲಿ. ಆ ನಾಲ್ಕು ವರ್ಷಗಳನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಸ್ಟೆಂಟ್ ಆದ ಮೇಲೆ ತಾಯಿಯವರು ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರಬೇಕು. ಅವುಗಳ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಇದೆ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರಬಹುದು. ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ; ಅಂಗಡಿಯಿಂದ ನೇರವಾಗಿ ಏನನ್ನೂ ತರಿಸಬೇಡಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ವಾತದ ಪುಡಿಗಳನ್ನೂ ಮುಟ್ಟಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ.

ಕಷಾಯದ ಬಗ್ಗೆ ಕೇಳಿದ್ದೀರಿ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ತಡೆಯುವುದು ನಿಜ. ಬಾಯಿಯಿಂದ ತೆಗೆದುಕೊಂಡಾಗ ರಕ್ತ ಸೇರುವುದು ತೀರಾ ಅಲ್ಪ. ಅಡುಗೆಯ ಅರಿಶಿನಕ್ಕೆ ನನ್ನ ತಕರಾರಿಲ್ಲ. ಆದರೆ ಮೆಣಸಿನ ಸಾರ ಸೇರಿಸಿದ ಗಟ್ಟಿ ಕರ್ಕ್ಯುಮಿನ್ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳಿವೆ, ಮೆಥೊಟ್ರೆಕ್ಸೇಟ್ ಜೊತೆಗೆ ಅದು ಬೇಡವೇ ಬೇಡ.

ಕಾಲ್ಚಿಸಿನ್ ಎಂಬ ಹಳೆಯ ಔಷಧದ ಹೆಸರನ್ನೂ ನೀವು ಕೇಳಬಹುದು. 2020ರಲ್ಲಿ ಪ್ರಕಟವಾದ, 5,522 ಹೃದ್ರೋಗಿಗಳ ಅಧ್ಯಯನದಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಪಡೆದವರಲ್ಲಿ ಹೃದಯದ ಅವಘಡಗಳು ಶೇ 31ರಷ್ಟು ತಗ್ಗಿದವು. 2024ರಲ್ಲಿ ಹೊರಬಂದ, 7,062 ಜನರ ಅಧ್ಯಯನದಲ್ಲಿ ಹೃದಯಾಘಾತವಾದ ಕೂಡಲೇ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ನಾನು ಅದನ್ನು ಎಲ್ಲರಿಗೂ ಬರೆಯುವುದಿಲ್ಲ; ಮೂತ್ರಪಿಂಡ ಚೆನ್ನಾಗಿರಬೇಕು, ಬೇರೆ ಔಷಧಗಳೊಂದಿಗೆ ಹೊಂದಬೇಕು. ಇದನ್ನು ಇಲ್ಲಿ ಹೇಳಲು ಬೇರೊಂದು ಕಾರಣವೂ ಇದೆ. ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಕೆಂಪು-ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜಗಳಲ್ಲಿ ಕಾಲ್ಚಿಸಿನ್ ಇದೆ. ಇದನ್ನು ಎಲ್ಲೋ ಓದಿ ಗೆಡ್ಡೆ ಅರೆದು ಕುಡಿದರೆ ಪ್ರಾಣವೇ ಹೋಗುತ್ತದೆ. ದಯವಿಟ್ಟು ಯಾರೂ ಆ ಸಾಹಸ ಮಾಡಬೇಡಿ.

ಮಾಡಬೇಕಾದದ್ದು ಇಷ್ಟು. ಹೃದಯದ ಮಾತ್ರೆಗಳನ್ನು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಸೇರಿದಂತೆ, ಒಂದು ದಿನವೂ ತಪ್ಪಿಸಬೇಡಿ. ಅಂಕಿ ಚೆನ್ನಾಗಿದೆ ಎಂದು ಸ್ಟ್ಯಾಟಿನ್ ನಿಲ್ಲಿಸುವವರು ಬಹಳ ಮಂದಿ. ಸಂಧಿರೋಗ ತಜ್ಞರನ್ನು ಈ ತಿಂಗಳೇ ಕಾಣಿ, ಬಿಡುಗಡೆ ಪತ್ರವನ್ನು ಜೊತೆಗೆ ಒಯ್ಯಿರಿ. ಮೆಥೊಟ್ರೆಕ್ಸೇಟ್ ಮತ್ತೆ ಶುರುವಾದರೆ ಅದು ವಾರಕ್ಕೆ ಒಂದೇ ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನವೂ ನುಂಗಿ ಸಾವಿನಂಚಿಗೆ ಹೋದವರನ್ನು ನಾನು ಕಂಡಿದ್ದೇನೆ. ಕೂದಲು ಉದುರುವುದಕ್ಕೆ ಫೋಲಿಕ್ ಆಮ್ಲದ ಮಾತ್ರೆ, ಪ್ರಮಾಣದ ಬದಲಾವಣೆ, ಅದೂ ಆಗದಿದ್ದರೆ ಬೇರೆ ಔಷಧ ಇವೆ. ತಾಯಿಯವರ ಆ ದೂರು ಸಣ್ಣದಲ್ಲ, ಅದನ್ನು ತಜ್ಞರ ಮುಂದೆ ಅವರೇ ಹೇಳಲಿ. ಉರಿಯೂತವನ್ನು ಅಳೆಯುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಕೀಲಿನ ಉರಿ ಇಳಿಯುತ್ತಿದೆಯೇ ಎಂದು ತಿಳಿಯಲು ಸಹಾಯಕ. ಪ್ಯಾಕೇಜುಗಳಲ್ಲಿ ಬರುವ, ಹೃದಯಕ್ಕೆಂದು ಮಾರುವ ಅತಿಸೂಕ್ಷ್ಮ ಸಿಆರ್‌ಪಿಯ ಅಳತೆಗೋಲು ಮಾತ್ರ ಅವರಿಗೆ ಅನ್ವಯಿಸದು, ಕೀಲೇ ಅದನ್ನು ಏರಿಸಿರುತ್ತದೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ರೂಢಿಯಿದ್ದರೆ ಬಿಡಿಸಿ. ವಸಡಿನಲ್ಲಿ ಕೀವು, ರಕ್ತ ಇದ್ದರೆ ದಂತವೈದ್ಯರಿಗೆ ತೋರಿಸಿ.

ಮುಂದೆ ಏನಾದರೂ ಆದರೆ ಎದೆನೋವೇ ಬರಲಿ ಎಂದು ಕಾಯಬೇಡಿ. ಈ ಕಾಯಿಲೆಯವರಲ್ಲಿ ಹೃದಯಾಘಾತ ಸದ್ದಿಲ್ಲದೆ ಆಗುವುದು ಹೆಚ್ಚು. ಉಸಿರು ಕಟ್ಟುವುದು, ದವಡೆ ಅಥವಾ ಬೆನ್ನಿನ ಮೇಲ್ಭಾಗದ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಅತಿ ಸುಸ್ತು ಕಂಡರೆ ಗ್ಯಾಸ್ಟ್ರಿಕ್ ಎಂದೋ ಕೀಲುನೋವು ಎಂದೋ ತಳ್ಳಿಹಾಕದೆ ಇಸಿಜಿ ಮಾಡಿಸಿ.

ನಿಮ್ಮ ಬಗ್ಗೆ ಹೇಳುವುದಾದರೆ, ತಾಯಿಗೆ ಈ ಸಂಧಿವಾತವಿದ್ದರೆ ಮಕ್ಕಳಿಗೆ ಅದು ಬರುವ ಸಾಧ್ಯತೆ ತುಸು ಹೆಚ್ಚು, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಲಕ್ಷಣವಿಲ್ಲದೆ ರುಮಟಾಯ್ಡ್ ಅಂಶದ ರಕ್ತಪರೀಕ್ಷೆ ಮಾಡಿಸಿ ಚಿಂತೆಗೆ ಬೀಳಬೇಡಿ. ಬೆಳಿಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿದ್ದು ಮಡಚಲು ಬಾರದಿದ್ದರೆ, ಗಂಟುಗಳು ಊದಿ ಆರು ವಾರ ಕಳೆಯುತ್ತಾ ಬಂದರೂ ಇಳಿಯದಿದ್ದರೆ ತಡಮಾಡದೆ ಬನ್ನಿ. ಹೃದಯದ ವಿಷಯದಲ್ಲಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿಕೊಂಡರೆ ಸಾಕು. ತಾಯಿಯವರಿಗೆ ಈಗಲೂ ಎಷ್ಟು ಕೀಲುಗಳು ಊದಿವೆ ಎಂದು ಎಣಿಸಿ, ಅವರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಮತ್ತೆ ಬರೆಯಿರಿ.